ಅಸದ್ ಖಾನ್ ಮಹಮ್ಮದನ ಬಂದೂಕು

1791ರ ಅಕ್ಟೋಬರ್ 19ರಂದು ನಂದಿದುರ್ಗವು ಕಾರ್ನ್‌ವಾಲೀಸನ ಸೇನೆಯ ವಶವಾಯಿತು. ಭಾರಿ ತೋಪುಗಳನ್ನು ಕಡಿದಾದ ಇಳಿಜಾರಿನ ಮೇಲಕ್ಕೆಳೆದು ಮೂರು ವಾರಗಳಲ್ಲಿ ಕೋಟೆಯ ಗೋಡೆಯನ್ನು ಒಡೆದ ಆಂಗ್ಲರ ಸಾಹಸವನ್ನು ನಮ್ಮ ಪಠ್ಯಗ್ರಂಥಗಳು ವರ್ಣಿಸುತ್ತವೆ. ಎದುರು ಪಕ್ಷದ ಆಯುಧಗಳನ್ನು ರೂಪಿಸಿದ ಕುಶಲಿಗಳ ಕಡೆಗೆ ಮಾತ್ರ ವಿದ್ಯಾರ್ಥಿಗಳ ಗಮನ ಹರಿಯುವುದು ಅಪರೂಪ. ಅವರಲ್ಲೊಬ್ಬನನ್ನು ಕುರಿತು ನಾವಿಲ್ಲಿ ಕೊಂಚ ವಿಚಾರ ಮಾಡಬಯಸುತ್ತೇವೆ.

ಅವನ ಹೆಸರು ಅಸದ್ ಖಾನ್ ಮಹಮ್ಮದ್. ಅವನು ನಮಗೆ ಪರಿಚಿತನಾಗುವುದು ಲೋಹದ ಮೇಲಿನ ಬರಹದಿಂದ. ಟಿಪ್ಪು ಸುಲ್ತಾನನ ಖಾಸಾ ಶಸ್ತ್ರಾಗಾರಕ್ಕೆ ಸೇರಿದ, ಬೆಳ್ಳಿಯ ಅಲಂಕರಣವುಳ್ಳ ಬೇಟೆಯ ಬಂದೂಕೊಂದು ಅವನ ಹೆಸರನ್ನೂ ಮೌಲೂದಿ 1222ನೆಯ ವರ್ಷವನ್ನೂ ಹೊತ್ತಿದೆ. ಇದು ಕ್ರಿ. ಶ. 1793–94ಕ್ಕೆ ಸಮನಾಗುತ್ತದೆ. ಈ ಕಾಲವನ್ನು ವಾಚಕರು ಲಕ್ಷಿಸಬೇಕು. 1792ರ ಒಪ್ಪಂದದಿಂದ ಸುಲ್ತಾನನು ಅರ್ಧ ರಾಜ್ಯವನ್ನು ಕಳೆದುಕೊಂಡಿದ್ದನು. 3 ಕೋಟಿ 30 ಲಕ್ಷ ರೂಪಾಯಿಗಳ ದಂಡವನ್ನು ಹೊತ್ತಿದ್ದನು. ಅವನ ಇಬ್ಬರು ಮಕ್ಕಳು 1794ರವರೆಗೆ ಆಂಗ್ಲರಲ್ಲಿ ಒತ್ತೆಯಾಗಿದ್ದರು. ಅಂಥ ಸಂಕಟದಲ್ಲಿಯೂ ಶ್ರೀರಂಗಪಟ್ಟಣದ ಕುಲುಮೆಗಳು ಆರಲಿಲ್ಲ.

ಈ ಬಂದೂಕಿನ ವಿಶೇಷವು ಬೆಳ್ಳಿಯಲ್ಲಿಲ್ಲ. ಒಂದೇ ನಳಿಗೆಯೊಳಗೆ ಮದ್ದುಗುಂಡುಗಳನ್ನು ಒಂದರ ಮುಂದೊಂದರಂತೆ ಎರಡು ಸಾರಿ ತುಂಬುವ ವ್ಯವಸ್ಥೆ ಇದರಲ್ಲಿದೆ. ಮೊದಲು ಮುಂದಿನದು ಹಾರಬೇಕು, ಅನಂತರ ಹಿಂದಿನದು. ಮುಂದಿನ ಮದ್ದಿನ ಜ್ವಾಲೆಯು ನಡುವಣ ತಡೆಯನ್ನು ನುಸುಳಿ ಹಿಂದಕ್ಕೆ ತಗುಲಿದರೆ ಎರಡೂ ಒಮ್ಮೆಗೇ ಸಿಡಿಯುವ ಭಯವುಂಟು. ಬಳಸುವವನು ಸ್ವತಃ ದೊರೆಯೇ ಆಗಿರುವಾಗ ಇಂಥ ಆಯುಧವನ್ನು ಮಾಡಿ, ಅದರ ಮೇಲೆ ತನ್ನ ಹೆಸರನ್ನು ಕೆತ್ತುವುದಕ್ಕೆ ಎಂಥ ಆತ್ಮವಿಶ್ವಾಸವಿರಬೇಕು!

ಆದರೆ ನಮ್ಮ ಮೆಚ್ಚುಗೆಗೆ ಒಂದು ಮಿತಿ ಇರತಕ್ಕದ್ದು. ದೊರೆಯ ಬೇಟೆಗೆ ಒದಗಿದ ಒಂದು ಅಪೂರ್ವ ಬಂದೂಕಿನಿಂದ ದಂಡಿನ ಬಲವನ್ನು ಅಳೆಯಲಾಗದು. 1799ರ ಮೇ 4ರಂದು ಪಟ್ಟಣವು ಬಿದ್ದಾಗ ಅಲ್ಲಿ ದೊರೆತ ತೋಪುಗಳು 929. ಆಯುಧಗಳ ಕೊರತೆಯೇ ಸೋಲಿನ ಕಾರಣವೆಂಬ ವಾದವನ್ನು ಈ ಸಂಖ್ಯೆಯ ಮುಂದೆ ಒಪ್ಪುವುದು ಕಷ್ಟ.

ಮೈಸೂರಿನ ಶಸ್ತ್ರಕರ್ಮಿಗಳು ಲೋಕಕ್ಕೆ ಬಿಟ್ಟುಹೋದ ನಿಜವಾದ ಆಸ್ತಿ ಬಂದೂಕಲ್ಲ, ಅಗ್ನಿಬಾಣ. ಕಾಗದದ ಕೊಳವೆಗೆ ಬದಲಾಗಿ ಕಬ್ಬಿಣದ ಕೊಳವೆಯನ್ನು ಬಳಸಿದ್ದರಿಂದ ಮದ್ದನ್ನು ಗಟ್ಟಿಯಾಗಿ ಜಡಿಯುವುದು ಸಾಧ್ಯವಾಯಿತು. ಒಳಗಿನ ಒತ್ತಡವು ಹೆಚ್ಚಿ ಬಾಣವು ದೂರಕ್ಕೆ ಹಾರಿತು. ಉದ್ದನೆಯ ಬಿದಿರಿನ ಗಳು ಅದರ ದಿಕ್ಕನ್ನು ಕಾಯುತ್ತಿತ್ತು. ಶ್ರೀರಂಗಪಟ್ಟಣದ ಪತನಾನಂತರ ಕೆಲವು ಬಾಣಗಳು ಇಂಗ್ಲೆಂಡಿನ ವುಲ್ವಿಚ್ಚನ್ನು ಸೇರಿದವು. ಅಲ್ಲಿ ವಿಲಿಯಂ ಕಾಂಗ್ರೀವನು ತನ್ನ ಬಾಣಗಳನ್ನು ರೂಪಿಸಿದನು. 1807ರಲ್ಲಿ ಅವು ಕೋಪನ್‌ಹೇಗನ್ ನಗರವನ್ನು ಸುಟ್ಟವು. ಆ ಬಾಣಗಳು ಇಂದಿಗೂ ಕಾಂಗ್ರೀವನ ಹೆಸರಿನಿಂದಲೇ ಪ್ರಸಿದ್ಧ.

2018ರಲ್ಲಿ ನಗರದ ಹಾಳುಬಾವಿಯೊಂದರಲ್ಲಿ ಸಾವಿರಕ್ಕೂ ಮಿಕ್ಕ ಇಂಥ ಬಾಣಗಳು ದೊರೆತವು. (ನಗರವೆಂದರೆ ಮಲೆನಾಡಿನ ಬಿದನೂರು. ಗೌರಿಬಿದನೂರಿನ ಬಳಿಯ ನಗರಗೆರೆಯ ಹುಡುಗರು ಎರಡು ಹೆಸರುಗಳ ಈ ಸಾಮ್ಯದಿಂದ ಮೋಸಹೋಗಿ, ಅವು ತಮ್ಮ ಊರಿನವೆಂದು ಹಿಗ್ಗಬಾರದು.) ಅಸದ್ ಖಾನನ ಬಂದೂಕು 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಬಿಕರಿಯಾಯಿತು. ಬಾವಿಯ ಬಾಣಗಳಾದರೋ ಕೆಸರಿನಲ್ಲಿ ತುಕ್ಕು ಹಿಡಿದು, ಒಳಗೆ ಮದ್ದನ್ನು ಇನ್ನೂ ಉಳಿಸಿಕೊಂಡೇ ಮೇಲೆ ಬಂದವು.