ದಾಸರ ಪದಗಳ ಮುದ್ರಣ: ಸಾಹಿತ್ಯ ಮತ್ತು ಸ್ವರಲಿಪಿ

ಹರಿದಾಸರ ಕೀರ್ತನೆ, ಸುಳಾದಿ, ಉಗಾಭೋಗಗಳು ಬಾಯಿಪಾಠದಿಂದಲೂ ಕೈಬರಹದ ಪುಸ್ತಕಗಳಿಂದಲೂ ಅಚ್ಚಿಗೆ ಬಂದವು. ಅವುಗಳ ಸಾಹಿತ್ಯಕ್ಕೆ ಸಂಪಾದಕರು ಸಿಕ್ಕರು. ಧಾಟಿಗೆ ಅಷ್ಟಾಗಿ ಸಿಗಲಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಕಾಣುವ ಗೊಂದಲದ ಬಹುಪಾಲು ಹುಟ್ಟುವುದು ಈ ಅಂತರದಲ್ಲೇ.

ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಪದಗಳ ಮೊದಲ ಮುಖ್ಯ ಸಂಕಲನ ಹೊರಬಂದದ್ದು 1850ರಲ್ಲಿ, ಮಂಗಳೂರಿನ ಬಾಸೆಲ್ ಮಿಷನ್ನಿನ ಕಲ್ಲಚ್ಚಿನಿಂದ. ಹರ್ಮನ್ ಮೋಗ್ಲಿಂಗ್ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಗಾಗಿ ಅದನ್ನು ಸಿದ್ಧಪಡಿಸಿದರು; ಮಾಲೆಗೆ ಹಣ ಕೊಟ್ಟವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ವಿಷ್ಣುಭಕ್ತಿಯ ಹಾಡುಗಳನ್ನು ಜೋಪಾನ ಮಾಡಿದವರು ಒಬ್ಬ ಪಾದ್ರಿ ಎಂಬುದು ಚರಿತ್ರೆಯ ತಮಾಷೆಗಳಲ್ಲೊಂದು. ಮುಂದೆ ಉಡುಪಿಯಲ್ಲಿ ಪಾವಂಜೆ ಗುರುರಾಯರು, ಬೆಂಗಳೂರಿನಲ್ಲಿ ಸುಬೋಧ ರಾಮರಾಯರು, ಲಿಂಗಸುಗೂರಿನಲ್ಲಿ ಗೊರಬಾಳ ಹನುಮಂತರಾಯರು ಈ ಕೆಲಸವನ್ನು ಬೆಳೆಸಿದರು.

ತೊಡಕು ಎದ್ದದ್ದು ಅಂಕಿತದಲ್ಲಿ, ಅಂದರೆ ಪದದ ಕೊನೆಯಲ್ಲಿ ಬರುವ ರಚನಕಾರರ ಮುದ್ರೆಯಲ್ಲಿ. ಪುರಂದರದಾಸರು 4,75,000 ಪದಗಳನ್ನು ರಚಿಸಿದರೆಂಬ ಪ್ರತೀತಿ ಇದೆ. ಕೈಗೆ ಸಿಕ್ಕಿರುವುದು ಸಾವಿರದ ಆಸುಪಾಸು. ಇಷ್ಟು ದೊಡ್ಡ ಕೊರತೆ ಕಣ್ಣೆದುರಿಗಿದ್ದಾಗ ಹೊಸದಾಗಿ ಸಿಕ್ಕ ಪದದ ಕೊನೆಯಲ್ಲಿ ‘ಪುರಂದರವಿಠಲ’ ಕಂಡರೆ ಸಾಕು, ಸಂಕಲನಕಾರರು ಅದನ್ನು ಸೇರಿಸಿಕೊಂಡುಬಿಡುವುದು ಸಹಜ. ಹಾಡುವವರು ಚರಣ ಬಿಟ್ಟರು, ಹಿಂದುಮುಂದು ಮಾಡಿದರು. ಒಬ್ಬ ದಾಸರ ಪದಕ್ಕೆ ಇನ್ನೊಬ್ಬರ ಅಂಕಿತ ಅಂಟಿಸಿದರು. ಇಂಥ ಪಾಠಗಳನ್ನು ತೂಗಿನೋಡುವ ಶಾಸ್ತ್ರ ಕನ್ನಡದಲ್ಲಿ ಗಟ್ಟಿಯಾದದ್ದು ದೊಡ್ಡಬೆಲೆ ಲಕ್ಷ್ಮೀನರಸಿಂಹಾಚಾರ್, ಅಂದರೆ ಡಿ.ಎಲ್.ಎನ್. ಅವರ ‘ಕನ್ನಡ ಗ್ರಂಥಸಂಪಾದನೆ’ (1964) ಹೊರಬಂದ ಮೇಲೆ. ಪುರಂದರದಾಸರ ನಾನೂರನೆಯ ಪುಣ್ಯವರ್ಷವೂ ಅದೇ. ಆ ದಶಕದಲ್ಲೇ ಬೆಟಗೇರಿ ಕೃಷ್ಣಶರ್ಮ ಮತ್ತು ಬೆಂಗೇರಿ ಹುಚ್ಚುರಾಯರು ಪುರಂದರರ ಪದಗಳನ್ನು ಸಂಪುಟಗಳಾಗಿ ಸಂಪಾದಿಸಿದರು. ಆದರೆ ಓಲೆಗರಿಗೆ ಹೊಂದುವ ಗ್ರಂಥಸಂಪಾದನೆಯ ವಿಧಾನ ಬಾಯಿಂದ ಬಾಯಿಗೆ ಹರಿದ ಹಾಡಿಗೆ ಪೂರ್ತಿ ಹೊಂದುವುದಿಲ್ಲ. ಹಾಡಿಗೆ ಒಂದೇ ಮೂಲಪ್ರತಿ ಇದ್ದಿತೆಂದು ಊಹಿಸಲು ಆಧಾರವೇ ಕಡಿಮೆ.

ಧಾಟಿಯ ಕಥೆ ಇನ್ನೂ ಜಟಿಲ. ದಾಸರು ಹಾಡಿದ ಮಟ್ಟುಗಳು ಉಳಿದಿಲ್ಲ. ಹಳೆಯ ಪುಸ್ತಕಗಳಲ್ಲಿ ಪದದ ತಲೆಗೆ ರಾಗ, ತಾಳದ ಹೆಸರು ಮಾತ್ರ ಇರುತ್ತದೆ, ಸ್ವರ ಇಲ್ಲ. ಕಛೇರಿಯಲ್ಲಿ ಕೇಳುವ ರಾಗಗಳು ಹೆಚ್ಚಾಗಿ 20ನೆಯ ಶತಮಾನದ ಗಾಯಕರು ಕೂಡಿಸಿದವು. ‘ಜಗದೋದ್ಧಾರನ’ ಕಾಪಿ ರಾಗದಲ್ಲಿ ಮನೆಮಾತಾದದ್ದು ಬಿ.ಎಸ್. ರಾಜಯ್ಯಂಗಾರರ ಗ್ರಾಮಾಫೋನ್ ತಟ್ಟೆಯಿಂದ. ಅಲ್ಲಿ ಪ್ರಮಾಣವಾದದ್ದು ಪುಸ್ತಕವಲ್ಲ, ತಟ್ಟೆ.

ಸ್ವರಸಹಿತ ಮುದ್ರಣದಲ್ಲಿ ದಕ್ಷಿಣಕ್ಕೆ ಮಾದರಿಯಾದದ್ದು ಸುಬ್ಬರಾಮ ದೀಕ್ಷಿತರ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ (ಎಟ್ಟಯಪುರ, 1904). ತೆಲುಗಿನಲ್ಲಿದ್ದ ಆ ಗ್ರಂಥ ಗಮಕಕ್ಕೂ ಚಿಹ್ನೆಗಳನ್ನು ಹೂಡಿತು. ನಂತರದ ಪಠ್ಯಪುಸ್ತಕಗಳು ಬಹುಮಟ್ಟಿಗೆ ಆ ಚಿಹ್ನೆಗಳನ್ನು ಕೈಬಿಟ್ಟು ಬರಿಯ ಸರಿಗಮದಲ್ಲಿ ನಿಂತವು. ಹಾಗಾಗಿ ಪುಸ್ತಕದಲ್ಲಿರುವುದು ಎಲುಬು. ಮಾಂಸ ತುಂಬುವವರು ಗುರುಗಳು. ತಮಿಳು ಲಿಪಿಯ ಪುಸ್ತಕಗಳಲ್ಲಿ ಇನ್ನೊಂದು ಸಮಸ್ಯೆ: ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ಅದಕ್ಕಾಗಿ ಅಕ್ಷರದ ಪಕ್ಕದಲ್ಲಿ 2, 3, 4 ಎಂಬ ಪುಟ್ಟ ಅಂಕಿ ಹಾಕುತ್ತಾರೆ. ಅಂಕಿ ಬಿಟ್ಟುಹೋದರೆ ಕನ್ನಡದ ಉಚ್ಚಾರವೂ ಹೋಯಿತು.

ಸ್ವರ ಬರೆದಿಟ್ಟ ಮಾತ್ರಕ್ಕೆ ಪಾಠ ಶುದ್ಧವಾಗುವುದಿಲ್ಲ ಎಂಬುದಕ್ಕೆ ಪಿಯಾನೊ ಲೋಕವೇ ಸಾಕ್ಷಿ. ಬಾಖ್‌ನ ಸಿ ಮೇಜರ್ ಪ್ರೆಲ್ಯೂಡಿನ ಒಂದು ಪ್ರತಿಯಲ್ಲಿ ಶ್ವೆಂಕೆ ಎಂಬಾತನ ಹೆಸರಿಗೆ ಅಂಟಿದ, ಬಾಖ್ ಬರೆಯದ ಒಂದು ತಾಳಖಂಡ ನುಸುಳಿತು. ಅದು ಅಚ್ಚುಗಳಲ್ಲಿ ಹರಡಿ, ಗೂನೊನ ‘ಆವೆ ಮರಿಯಾ’ದೊಳಗೂ ಸೇರಿಕೊಂಡಿತು. ಸಂಪಾದಕರ ಸೇರ್ಪಡೆಗಳನ್ನು ಕಳಚಿ ಮೂಲಪಾಠ ಕೊಡಲೆಂದು ಜರ್ಮನಿಯಲ್ಲಿ ಹೆನ್ಲೆ ಪ್ರಕಾಶನ ಶುರುವಾದದ್ದು 1948ರಲ್ಲಿ. ಸ್ವತಃ ಪಿಯಾನೊ ಕಲಿತಿದ್ದ ಮೈಸೂರಿನ ಜಯಚಾಮರಾಜ ಒಡೆಯರು ರಷ್ಯದ ಸಂಗೀತ ರಚನಕಾರ ಮೆಟ್ನರ್‌ನ ಕೃತಿಗಳನ್ನು ಅವನಿಂದಲೇ ನುಡಿಸಿ ಧ್ವನಿಮುದ್ರಿಸಲು ಹಣ ಕೊಟ್ಟದ್ದೂ ಅದೇ ಕಾಲದಲ್ಲಿ. ರಚನಕಾರನ ಕೈಬೆರಳೇ ಸಾಕ್ಷಿ ನುಡಿಯುವ ಆ ಭಾಗ್ಯ ದಾಸರ ಪದಗಳಿಗೆ ಇಲ್ಲ.

ಕನ್ನಡ ಮತ್ತು ಸಂಸ್ಕೃತಿ ಇಲಾಖೆ ‘ಸಮಗ್ರ ದಾಸ ಸಾಹಿತ್ಯ’ ಸಂಪುಟಗಳನ್ನು ತಂದಿದೆ. ಅದು ಸಾಹಿತ್ಯದ ಸಂಗ್ರಹ. ಪುರಂದರದಾಸರ ಪದಗಳಿಗೆ ಕೃತಿಸ್ವಾಮ್ಯವಿಲ್ಲದ್ದರಿಂದ ಯಾರು ಬೇಕಾದರೂ ಅಚ್ಚುಹಾಕಬಹುದು. ಸ್ವರ ಯಾರ ಪಾಠಾಂತರದಿಂದ ಬಂತೆಂದು ಮುನ್ನುಡಿಯಲ್ಲಿ ಹೇಳದ ಪುಸ್ತಕವನ್ನು ಕಲಿಯುವವರು ಗುರುಗಳ ಎದುರಿಗಿಟ್ಟು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.