ಯಾರನ್ನು ನಂಬುವುದು? ಬೇಹಿನ ಕಥೆಗಳ ಸೆಳೆತ

ತುಮಕೂರಿನ ಪಕ್ಕದ ಗೂಳೂರಿನಲ್ಲಿ ಗಣಪತಿ ವಿಸರ್ಜನೆಯ ದಿನ ಕಾಲಿಡಲು ಜಾಗವಿರುವುದಿಲ್ಲ. ಆ ಗದ್ದಲದಲ್ಲಿ ಕಡ್ಲೆಪುರಿ ಮಾರುವವನ, ಕಣಿ ಹೇಳುವವಳ, ಕಾವಿ ತೊಟ್ಟ ಬೈರಾಗಿಯ ಮುಖವನ್ನು ಎರಡನೇ ಸಲ ನೋಡುವವರು ಯಾರು? ಹೀಗೆ ಯಾರ ಗಮನಕ್ಕೂ ಬಾರದ ಮುಖವೇ ಗೂಢಚಾರನ ಮೊದಲ ಆಯುಧ.

ಈ ಗುಟ್ಟನ್ನು ಕೌಟಿಲ್ಯನ 'ಅರ್ಥಶಾಸ್ತ್ರ' ಎಂದೋ ಬರೆದಿಟ್ಟಿದೆ. ಶತಮಾನಗಳ ಕಾಲ ಕಣ್ಮರೆಯಾಗಿದ್ದ ಈ ಗ್ರಂಥದ ತಾಳೆಗರಿ ಪ್ರತಿ ಬೆಳಕಿಗೆ ಬಂದದ್ದು ನಮ್ಮ ಮೈಸೂರಿನಲ್ಲೇ. ಅಲ್ಲಿನ ಓರಿಯಂಟಲ್ ಲೈಬ್ರರಿಯಲ್ಲಿದ್ದ ವಿದ್ವಾಂಸ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಸನ್ಯಾಸಿ, ವ್ಯಾಪಾರಿ, ಗೃಹಸ್ಥ, ಭಿಕ್ಷುಕಿ ಹೀಗೆ ಬೇಹಿನವರ ವೇಷಗಳ ಪಟ್ಟಿಯೇ ಅದರಲ್ಲಿದೆ. ಒಬ್ಬ ತಂದ ಸುದ್ದಿಯನ್ನು ನಂಬಬಾರದು, ಮೂವರ ಮಾತು ಒಂದೇ ಆದರೆ ಮಾತ್ರ ನಂಬಬೇಕು ಎಂಬ ಸೂಚನೆಯೂ ಇದೆ. ಬೇಹಿನವರನ್ನು ಸಾಕುವ ರಾಜನಿಗೆ ಅವರ ಮೇಲೂ ಅನುಮಾನ!

ಕನ್ನಡಿಗರು ಈ ರುಚಿ ಕಂಡದ್ದು ಅದಕ್ಕೂ ಮೊದಲೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ಬರೆದ ಗದ್ಯಕೃತಿ 'ಮುದ್ರಾಮಂಜೂಷ'. ಅದಕ್ಕೆ ಆಧಾರ ವಿಶಾಖದತ್ತನ 'ಮುದ್ರಾರಾಕ್ಷಸ' ನಾಟಕ. ನಾಟಕದಲ್ಲಿ ಯಮನ ಚಿತ್ರಪಟ ಹಿಡಿದು ಮನೆಮನೆ ತಿರುಗುವ ಚಾಣಕ್ಯನ ಚಾರನಿಗೆ ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಸಿಗುತ್ತದೆ. ಆ ಮುದ್ರೆ ಒತ್ತಿದ ಒಂದು ಸುಳ್ಳು ಪತ್ರ ಶತ್ರುಪಾಳಯವನ್ನೇ ಒಡೆಯುತ್ತದೆ. ಆದರೆ ರಾಕ್ಷಸ ಕೊನೆಗೆ ಶರಣಾಗುವುದು ತನಗಾಗಿ ವಧಾಸ್ಥಾನಕ್ಕೆ ಹೊರಟ ಗೆಳೆಯ ಚಂದನದಾಸನನ್ನು ಉಳಿಸಲು. ತಂತ್ರಕ್ಕೆ ಗೆಲುವು ಸಿಕ್ಕರೂ ಓದುಗನ ಮನಸ್ಸು ನಿಲ್ಲುವುದು ಆ ಸ್ನೇಹದಲ್ಲಿ.

ಇಪ್ಪತ್ತನೇ ಶತಮಾನದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಕನ್ನಡ ಓದುಗರ ಮನೆಮಾತಾದ. 1968ರ 'ಜೇಡರ ಬಲೆ' ಚಿತ್ರದಲ್ಲಿ ರಾಜಕುಮಾರ್ ಸಿ.ಐ.ಡಿ. 999 ಆಗಿ ಬಂದರು. ಪತ್ತೇದಾರನಿಗೂ ಗೂಢಚಾರನಿಗೂ ಒಂದು ವ್ಯತ್ಯಾಸವಿದೆ. ಪತ್ತೇದಾರ ಅಡಗಿದವನನ್ನು ಹುಡುಕುತ್ತಾನೆ, ಗೂಢಚಾರ ತಾನೇ ಅಡಗಿರುತ್ತಾನೆ. ಇಬ್ಬರ ಕಥೆಯಲ್ಲೂ ಓದುಗನನ್ನು ಕಾಡುವ ಪ್ರಶ್ನೆ ಮಾತ್ರ ಒಂದೇ: ಯಾರನ್ನು ನಂಬುವುದು? ಕಾದಂಬರಿ ಕೊನೆಯ ಪುಟದಲ್ಲಿ ಇದಕ್ಕೆ ಉತ್ತರ ಕೊಟ್ಟು ನಮ್ಮನ್ನು ನೆಮ್ಮದಿಯಾಗಿ ಮಲಗಿಸುತ್ತದೆ.

ನಿಜಜೀವನದ ಬೇಹುಗಾರಿಕೆಯಲ್ಲಿ ಆ ಸೌಲಭ್ಯವಿಲ್ಲ. ಟಿಪ್ಪು ಸುಲ್ತಾನನ ವಂಶದ ಕುಡಿ ನೂರ್ ಇನಾಯತ್ ಖಾನ್ ಹುಟ್ಟಿದ್ದು 1914ರಲ್ಲಿ, ಮಾಸ್ಕೋದಲ್ಲಿ. ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದಿದ್ದ ಈ ಮೃದು ಸ್ವಭಾವದ ಹೆಣ್ಣುಮಗಳು ಗೂಢಚಾರಿಕೆಗೆ ತಕ್ಕವಳಲ್ಲ ಎಂದು ಆಕೆಯ ತರಬೇತುದಾರರಲ್ಲೇ ಕೆಲವರು ಭಾವಿಸಿದ್ದರು. 1943ರ ಜೂನ್‌ನಲ್ಲಿ ಬ್ರಿಟನ್ ಆಕೆಯನ್ನು ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿಗೆ ರೇಡಿಯೊ ಸಂದೇಶ ಕಳುಹಿಸಲು ಇಳಿಸಿತು. ಕೆಲವೇ ದಿನಗಳಲ್ಲಿ ಸಂಗಡಿಗರು ಸೆರೆಯಾದರು. ಮರಳಿ ಬರಲು ಅವಕಾಶವಿದ್ದರೂ ನೂರ್ ಪ್ಯಾರಿಸ್ ಬಿಡಲಿಲ್ಲ. ಅಕ್ಟೋಬರಿನಲ್ಲಿ ದ್ರೋಹಕ್ಕೆ ಸಿಲುಕಿ ಬಂಧನಕ್ಕೊಳಗಾದರು.

ಕಾದಂಬರಿಯ ನಾಯಕಿಯಾಗಿದ್ದರೆ ತಪ್ಪಿಸಿಕೊಳ್ಳುತ್ತಿದ್ದರೇನೋ. ನೂರ್ ಸಹ ಪ್ರಯತ್ನಿಸಿದರು, ಸಿಕ್ಕಿಬಿದ್ದರು. ಕಳುಹಿಸಿದ ಸಂದೇಶಗಳನ್ನು ಅವರು ಬರೆದಿಟ್ಟಿದ್ದ ಪುಸ್ತಕ ಜರ್ಮನ್ನರ ಕೈಸೇರಿತು. ಅದನ್ನು ಬಳಸಿ ಅವರು ಲಂಡನ್ನಿಗೆ ಸುಳ್ಳು ಸಂದೇಶ ಕಳುಹಿಸಿದರು. ಲಂಡನ್ ನಂಬಿತು, ಇನ್ನಷ್ಟು ಮಂದಿ ಬಲೆಗೆ ಬಿದ್ದರು. ಮೂವರ ಮಾತು ಒಂದಾಗಬೇಕೆಂಬ ಕೌಟಿಲ್ಯನ ಎಚ್ಚರಿಕೆ ಇಲ್ಲಿ ನೆನಪಾಗದಿರದು. ವಿಚಾರಣೆಯಲ್ಲಿ ಮಾತ್ರ ನೂರ್ ಸಂಗಡಿಗರನ್ನು ಬಿಟ್ಟುಕೊಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಕಾವ್ ಶಿಬಿರದಲ್ಲಿ ಅವರನ್ನು ಕೊಲ್ಲಲಾಯಿತು. 1949ರಲ್ಲಿ ಬ್ರಿಟನ್ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ನೀಡಿತು.

ವೇಷ, ಸಂಕೇತ, ಉಪಾಯಗಳ ಮೋಜಿಗಾಗಿ ನಾವು ಇಂಥ ಪುಸ್ತಕಗಳನ್ನು ಕೈಗೆತ್ತಿಕೊಳ್ಳುತ್ತೇವೆ. ಆದರೆ ಎಲ್ಲರೂ ಸುಳ್ಳಾಡುವ ಲೋಕದಲ್ಲಿ ಒಬ್ಬ ವ್ಯಕ್ತಿಯಾದರೂ ಇನ್ನೊಬ್ಬರಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತಾನೆಯೇ ಎಂಬ ಕಾತರವೇ ನಮ್ಮಿಂದ ಪುಟ ತಿರುಗಿಸುತ್ತದೆ. ಚಂದನದಾಸ ಉಳಿಸಿಕೊಂಡ. ನೂರ್ ಕೂಡ ಉಳಿಸಿಕೊಂಡರು, ಪ್ರಾಣದ ಬೆಲೆ ತೆತ್ತು.