ಕುಪ್ಪಸದಿಂದ ಗೋಡೆಗೆ ದಾಟಿದ ಖಣ

‘ಉಜ್ಜಿನಿ ಒಳಗೆ ನೋಡು, ಹಂಪಿ ಹೊರಗೆ ನೋಡು’ ಎಂಬುದು ನಮ್ಮ ಕೂಡ್ಲಿಗಿ, ಕೊಟ್ಟೂರು ಸೀಮೆಯ ರೂಢಿಮಾತು. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಛಾವಣಿಯ ಕೆತ್ತನೆ ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಕಲ್ಲಿನ ಚಿತ್ತಾರವನ್ನು ನೋಡಲು ನಾವೇ ಹೋಗಬೇಕು. ಬಟ್ಟೆಯ ಚಿತ್ತಾರವಾದರೋ ತಾನೇ ಊರೂರು ತಿರುಗುತ್ತದೆ, ಒಂದು ವಸ್ತುವಿನಿಂದ ಇನ್ನೊಂದಕ್ಕೆ ದಾಟುತ್ತದೆ. ಹಾಗೆ ದಾಟುವಾಗ ಅದನ್ನು ನೇಯ್ದವರಿಗೆ ಉಳಿಯುವುದೇನು?

ಈ ದಾಟುವಿಕೆ ಹೊಸದಲ್ಲ. ಧಾರವಾಡ ಭಾಗದ ಕಸೂತಿಯಲ್ಲಿ ಗವಂತಿ, ಮುರ್ಗಿ, ಮೆಂತಿಗಳ ಜೊತೆ ‘ನೇಗಿ’ ಎಂಬ ಹೊಲಿಗೆಯೂ ಇದೆ. ಹೆಸರೇ ಹೇಳುವಂತೆ ಅದು ನೇಯ್ಗೆಯನ್ನು ಹೋಲುವ ಸೂಜಿಕೆಲಸ. ಮೊದಲೇ ಗೆರೆ ಬರೆದುಕೊಳ್ಳದೆ, ಬಟ್ಟೆಯ ಎಳೆ ಎಣಿಸಿಯೇ ತೇರು, ಗೋಪುರ, ತುಳಸಿಕಟ್ಟೆಗಳನ್ನು ಮೂಡಿಸುತ್ತಾರೆ.

ಈಗ ಹಾಗೆ ದಾಟುತ್ತಿರುವುದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ. ಅದು ಮೂಲತಃ ಕುಪ್ಪಸದ ಬಟ್ಟೆ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಶಿನದ ಜೊತೆ ಇರಲೇಬೇಕಾದದ್ದು. ತೇರು, ಸೂಜಿಮಲ್ಲಿಗೆ, ಆನೆಹೆಜ್ಜೆ ಎಂದು ಅದರ ಚಿತ್ತಾರಗಳಿಗೆ ಹೆಸರುಗಳೂ ಇವೆ. ಒಂದು ಕುಪ್ಪಸಕ್ಕೆ ಬೇಕಾಗುವುದು ತುಂಡು ಬಟ್ಟೆ. ಆದ್ದರಿಂದ ಚಿತ್ತಾರವೂ ಚಿಕ್ಕದು, ಒತ್ತೊತ್ತಾಗಿ ಮರುಕಳಿಸುವಂಥದ್ದು. ಎಲ್ಲಿ ಕತ್ತರಿಸಿದರೂ ಒಂದು ಹೂವೋ ತೇರೋ ಇಡಿಯಾಗಿ ಸಿಗುತ್ತದೆ. ಇಂದು ಅದು ಕೈಚೀಲ, ತೋರಣ, ಕಿವಿಯೋಲೆ, ಗೋಡೆಯ ಚೌಕಟ್ಟುಗಳಿಗೆ ಇಷ್ಟು ಸುಲಭವಾಗಿ ಒಗ್ಗಿರುವುದಕ್ಕೆ ಇದೇ ಕಾರಣ.

ಇಲ್ಲಿಯೇ ತೊಡಕೂ ಇದೆ. ನಮ್ಮ ನೆರೆಯ ಸಂಡೂರನ್ನು ನೋಡಿ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಂಸ್ಕೃತಿ ಸಭೆಯ ಹೊತ್ತಿಗೆ, ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರ ಕಸೂತಿಯ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಲಂಬಾಣಿ ಉಡುಪಿನ ಹೊಲಿಗೆ ಅಲ್ಲಿ ದಿಂಬಿನ ಚೀಲಕ್ಕೂ ಕೈಚೀಲಕ್ಕೂ ಬಂದಿದೆ. ಆದರೆ ಹೊಲಿಯುವ ಕೈ ಅದೇ. ಹೊಸ ವಸ್ತುವಿನ ಬೆಲೆಯಲ್ಲಿ ಆ ಕೈಗೆ ಪಾಲು ಕೇಳಲು ದಾರಿಯಿದೆ.

ಖಣದಲ್ಲಿ ನೇಯುವವರು ಬೇರೆ, ಕತ್ತರಿಸಿ ಹೊಲಿಯುವವರು ಬೇರೆ. ಗೇಣುದ್ದದ ಬಟ್ಟೆ ಚೌಕಟ್ಟಿನೊಳಗೆ ಸೇರಿ ಬೆಲೆ ಏರಿದರೂ ಮಗ್ಗಕ್ಕೆ ಬರುವುದು ಬಟ್ಟೆಯ ದರ ಮಾತ್ರ. ಕೊಳ್ಳುವವರಿಗೆ ಕೇವಲ ‘ಖಣದ ಮಾದರಿ’ ಸಾಕೆನಿಸಿದರೆ ಅಚ್ಚು ಹಾಕಿದ ಬಟ್ಟೆಯೂ ನಡೆದೀತು. ಆಗ ಚಿತ್ತಾರ ಉಳಿದೀತು, ಮಗ್ಗ ನಿಂತೀತು.

ಹಾಗೆಂದು ಖಣ ಕುಪ್ಪಸದಲ್ಲೇ ಇರಲಿ ಎನ್ನಲಾಗದು. ಖಣದ ಕುಪ್ಪಸ ತೊಡುವವರೇ ಕಡಿಮೆಯಾದಾಗ ಹೊಸ ಬಳಕೆ ಬೇಕೇ ಬೇಕು. ಆದರೆ ಗೋಡೆಗೇರುವ ತುಂಡಿನ ಜೊತೆ ಆ ಚಿತ್ತಾರದ ಹೆಸರು, ಗುಳೇದಗುಡ್ಡದ ಹೆಸರು, ನೇಯ್ದವರ ಹೆಸರೂ ಹೋಗಲಿ. ಹೆಸರಿದ್ದರೆ ಕೊಳ್ಳುವವರು ಮಗ್ಗದ ಬಟ್ಟೆಯನ್ನೇ ಕೇಳುತ್ತಾರೆ. ಪಾಲಿನ ಮಾತು ಶುರುವಾಗುವುದೂ ಅಲ್ಲಿಂದಲೇ.